ಮೊದಲ ಸಾಲಿನ ಪತ್ತೇದಾರ

ನಮ್ಮ ಕಾಕಾ ತನ್ನ ಜೀವಮಾನದಲ್ಲಿ ನೂರಾರು ಕೊಲೆಗಾರರನ್ನು ಪತ್ತೆ ಹಚ್ಚಿದ್ದಾನೆ. ಅದೂ ಅವ್ವ ಹಂಚಿನ ಮೇಲೆ ಹಾಕಿದ ರೊಟ್ಟಿಯನ್ನು ತಿರುವಿ ಹಾಕುವಷ್ಟರಲ್ಲಿ! ಲಂಡನ್ನಿನ ಪೊಲೀಸರು ಮಂಜಿನಲ್ಲಿ ಅಲೆದು, ಮಳೆಯಲ್ಲಿ ತೊಯ್ದು, ಪುಸ್ತಕದ ಕೊನೆಯ ಪುಟದಲ್ಲಿ ಹಿಡಿಯುವ ಮನುಷ್ಯನನ್ನು ಕಾಕಾ ಹುಬ್ಬಳ್ಳಿಯ ನಮ್ಮ ಪಡಸಾಲೆಯಲ್ಲಿ ಕೂತು ಮೊದಲ ಸಾಲಿನಲ್ಲೇ ಹಿಡಿಯುತ್ತಿದ್ದ. ಎರಡನೆಯ ಸಾಲು ಓದುವ ಅಭ್ಯಾಸ ಅವನಿಗಿರಲಿಲ್ಲ. ಯಾಕೆ ಓದಬೇಕು? ಕೊಲೆಗಾರ ಸಿಕ್ಕ ಮೇಲೆ ಉಳಿದ ಪುಟಗಳದ್ದೇನು ಕೆಲಸ?

ಇದಕ್ಕೊಂದು ಕಾರಣವಿತ್ತು. ಕಾಕಾ ಅಂದರೆ ನಮ್ಮಪ್ಪನ ತಮ್ಮ. ಮದುವೆ ಆಗಿರಲಿಲ್ಲ, ನಮ್ಮ ಮನೆಯಲ್ಲೇ ಇದ್ದ. ರೇಲ್ವೆ ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ಕಾರಕೂನ. ಗಾಡಿಯಲ್ಲಿ ಜನ ಬಿಟ್ಟುಹೋದ ಛತ್ರಿ, ಬುತ್ತಿ ಡಬ್ಬಿ, ಒಂಟಿ ಚಪ್ಪಲಿ ಎಲ್ಲ ಅಲ್ಲಿಗೇ ಬಂದು ಬೀಳುತ್ತಿದ್ದವು. ಅವುಗಳ ಜೊತೆಗೆ ಪತ್ತೇದಾರಿ ಕಾದಂಬರಿಗಳೂ ಬರುತ್ತಿದ್ದವು, ಇಂಗ್ಲಿಷಿನವು, ಮರಾಠಿಯವು, ಅಪರೂಪಕ್ಕೊಂದು ಕನ್ನಡದ್ದು. ಛತ್ರಿ ಕೇಳಿಕೊಂಡು ಜನ ಮರಳಿ ಬರುತ್ತಿದ್ದರು. ಹರಕು ಪುಸ್ತಕ ಕೇಳಿಕೊಂಡು ಯಾರು ಬರುತ್ತಾರೆ? ಅವೆಲ್ಲ ನಮ್ಮ ಮನೆ ಸೇರುತ್ತಿದ್ದವು. ಆದರೆ ಹೆಚ್ಚಿನವಕ್ಕೆ ಕೊನೆಯ ಪುಟಗಳೇ ಇರುತ್ತಿರಲಿಲ್ಲ.

"ಏ ತಮ್ಮಾ, ಒಂದ ಪುಸ್ತಕ ಆದ್ರೂ ಪೂರಾ ಓದಬಾರದೇನೋ?" ಎಂದು ಅಪ್ಪ ಕೇಳುತ್ತಿದ್ದ. ಅಪ್ಪ ಮಿಷನ್ ಸಾಲಿಯ ಹೆಡ್ ಮಾಸ್ತರ; ಅರ್ಧ ಓದಿದ ಪುಸ್ತಕ ಕಂಡರೆ ಅವನಿಗೆ ಅರ್ಧ ಉಂಡೆದ್ದವರನ್ನು ಕಂಡಷ್ಟು ಸಂಕಟ.

"ಕಡೀ ಹಾಳಿ ಚುರುಮುರಿ ಕಟ್ಟಾಕ ಹೋಗಿರ್ತಾವಲ್ಲ ಅಣ್ಣಾ! ಪೂರಾ ಓದಿ, ಕೊಂದಾಂವ ಯಾರಂತ ಗೊತ್ತಾಗದ ನಾ ರಾತ್ರಿ ಹೆಂಗ ಮಲಗಲಿ? ಅದಕ್ಕ ಮೊದಲಽ ಗುರ್ತ ಹಿಡದ ಬಿಡೂದು."

ಹೀಗೆ ಹುಟ್ಟಿತು ಕಾಕಾನ ಶಾಸ್ತ್ರ. ಕಥೆ ಮಳೆಯಿಂದ ಶುರುವಾದರೆ ಕೊಂದವನು ಮನೆಯೊಳಗಿನವನು. ಮಳೆಯಲ್ಲಿ ಹೊರಗಿನವರು ಬಂದರೆ ಕಾಲಿನ ಕೆಸರು ಕಾಣುವುದಿಲ್ಲವೇ? ಬಾಗಿಲು ಬಡಿಯುವುದರಿಂದ ಶುರುವಾದರೆ ಬಡಿದವನು ಸಂಭಾವಿತ, ತೆಗೆದವನ ಮೇಲೆ ಕಣ್ಣಿಡಬೇಕು. ಯಾರಾದರೂ ಬಿಸಿಲಿಗೆ ಕೂತು ಸುಖವಾಗಿ ಚಹಾ ಕುಡಿಯುತ್ತಿದ್ದರೆ ಕಾಕಾ ಕಪ್ಪು ನೆಲಕ್ಕಿಟ್ಟು, "ಪಾಪ, ಛಲೋ ಮನಿಶಾ ಇದ್ದ" ಎಂದು ಆಗಲೇ ಶೋಕ ಶುರುಮಾಡುತ್ತಿದ್ದ. "ನಾನು ಸುಳ್ಳು ಹೇಳುವವನಲ್ಲ" ಎಂದು ಶುರುವಾದ ಪುಸ್ತಕವನ್ನಂತೂ ಎರಡು ಬೆರಳಲ್ಲಿ ಹಿಡಿದು ದೂರ ಇಟ್ಟುಬಿಟ್ಟ.

ಒಮ್ಮೆ ಕೊನೆಯ ಪುಟ ಗಟ್ಟಿಯಾಗಿರುವ ಪುಸ್ತಕವೊಂದು ಸಿಕ್ಕಿತು. ಕಾಕಾ ಮೊದಲ ಸಾಲು ಓದಿ, "ಡಾಕ್ಟರ" ಎಂದ. ಅಪ್ಪ ಕೊನೆಯ ಪುಟ ತೆಗೆದು ನೋಡಿದ. ಕೊಂದವಳು ಅಡಿಗೆಯವಳು! ಮನೆಮಂದಿಯೆಲ್ಲ ನಕ್ಕೆವು. ಕಾಕಾ ಮಾತ್ರ ನಗಲಿಲ್ಲ. ಅಪ್ಪನ ಕೈಯಿಂದ ಪುಸ್ತಕ ತೆಗೆದುಕೊಂಡು ಮುಚ್ಚಿ ಹೇಳಿದ:

"ಪಾಪ, ಆ ಹೆಣ್ಣಮಗಳನ್ನ ಸುಮ್ಮನ ಹಿಡಕೊಂಡ ಹೋದ್ರು ನೋಡು."

ಇದಿಷ್ಟೇ ಆಗಿದ್ದರೆ ನಾವೂ ನಕ್ಕು ಬದುಕಿಕೊಳ್ಳುತ್ತಿದ್ದೆವು. ಆದರೆ ಕಾಕಾ ಪುಸ್ತಕಕ್ಕೆ ಹಚ್ಚುವ ಶಾಸ್ತ್ರವನ್ನೇ ಮನುಷ್ಯರಿಗೂ ಹಚ್ಚುತ್ತಿದ್ದ. ಹೊಸಬರು ಹೊಸ್ತಿಲು ದಾಟಿ ಆಡಿದ ಮೊದಲ ಮಾತಿನಲ್ಲೇ ಅವರ ಜಾತಕ ಮುಗಿಯಿತು! ಯಾರಾದರೂ ಬಂದರೆಂದರೆ ನಮಗೆಲ್ಲ ಎದೆ ಡವಡವ. ಅವರ ಬಾಯಿಂದ ಏನು ಬರುತ್ತದೋ, ಕಾಕಾ ಅದರಲ್ಲೇನು ಹುಡುಕುತ್ತಾನೋ! ಅವ್ವನಂತೂ ಬಂದವರು ಬಾಯಿ ತೆಗೆಯುವ ಮೊದಲೇ, "ಅರಾಮ ಇದ್ದೀರೇನ್ರಿ?" ಎಂದು ತಾನೇ ಕೇಳಿಬಿಡುತ್ತಿದ್ದಳು. "ಅರಾಮ್ರಿ" ಎಂದರೆ ಮುಗಿಯಿತಲ್ಲ, ಅದರಲ್ಲಿ ಅಪಾಯ ಏನಿದ್ದೀತು?

ನಮ್ಮ ಮಿಷನ್ ದೇವಾಲಯಕ್ಕೆ ಹೊಸ ಪಾದ್ರಿಗಳು ಬಂದರು. ಮೊದಲ ಭಾನುವಾರ ಪ್ರಸಂಗಕ್ಕೆ ನಿಂತು, "ಪ್ರಿಯರೇ, ನಾನು ನಿಮಗೆ ಅಪರಿಚಿತನು" ಎಂದರು. ಕಾಕಾ ನನ್ನ ಮೊಣಕೈ ಒತ್ತಿದ.

"ಕೇಳಿದೇನು? ತಾನಽ ಒಪ್ಪಿಕೊಂಡ."

ಪಿಸುಮಾತೇ. ಆದರೆ ರೇಲ್ವೆ ಗದ್ದಲದಲ್ಲಿ ಬೆಳೆದ ಪಿಸುಮಾತು! ಮುಂದಿನ ಮೂರು ಸಾಲಿನವರು ಹಿಂತಿರುಗಿ ನೋಡಿದರು. ಆ ಮೇಲೆ ಪಾದ್ರಿಗಳು ದಿನಾ ಮಧ್ಯಾಹ್ನ ಗುದ್ದಲಿ ಹಿಡಿದು ಹಿತ್ತಲಿಗೆ ಹೋಗುತ್ತಾರೆಂದು ಸುದ್ದಿ ಬಂತು. ಕಾಕಾನಿಗೆ ನೆಲದ ಮೇಲೆ ಕಾಲು ನಿಲ್ಲದಾಯಿತು. ಏನು ಹೂಳುತ್ತಿದ್ದಾರೆ? ಯಾರನ್ನು ಹೂಳುತ್ತಿದ್ದಾರೆ? ಬೇಲಿಯಾಚೆ ಬಗ್ಗಿ ನೋಡುತ್ತಿರುವಾಗ ಪಾದ್ರಿಗಳೇ ಅವನನ್ನು ಹಿಡಿದು, ಒಳಗೆ ಕರೆದು, ತಾವು ಹಚ್ಚಿದ ಬದನೆ ಗಿಡ ತೋರಿಸಿ, ಒಂದು ಬುಟ್ಟಿ ಕಾಯಿ ಕೊಟ್ಟು ಕಳಿಸಿದರು. ಅವ್ವ ಎಣ್ಣೆಗಾಯಿ ಮಾಡಿದಳು. ಅದರ ವಾಸನೆಗೆ ನಮ್ಮ ಬಾಯಲ್ಲಿ ನೀರೂರುತ್ತಿರುವಾಗ ಕಾಕಾ, "ಯಾರೂ ಮುಟ್ಟಬ್ಯಾಡ್ರಿ" ಎಂದು ತಾನೊಬ್ಬನೇ ಎರಡು ಕಾಯಿ ತಿಂದು, ಕಾಲು ತಾಸು ಕಣ್ಣು ಮುಚ್ಚಿ ಕೂತ. ನಾವೆಲ್ಲ ಅವನ ಮುಖವನ್ನೇ ನೋಡುತ್ತ ತಣ್ಣಗಾಗುವ ರೊಟ್ಟಿ ಮುಂದಿಟ್ಟುಕೊಂಡು ಕೂತೆವು. ಕೊನೆಗೆ ಕಾಕಾ ಒಂದು ಕಣ್ಣು ತೆರೆದು, "ಉಪ್ಪ ಕಡಿಮಿ ಆಗೇತಿ ವೈನೀ" ಎಂದಾಗ ನಮಗೆ ಊಟ ಸಿಕ್ಕಿತು.

ಅಂದರೆ ಕಾಕಾನ ಶಾಸ್ತ್ರ ಪೂರಾ ಸುಳ್ಳು ಅನ್ನಬಹುದಿತ್ತು. ಅನ್ನಲಿಕ್ಕೆ ಬಿಡಲಿಲ್ಲ ಒಬ್ಬ ಹಾಲಿನವನು! ಅವನು ಹೊಸದಾಗಿ ಬಂದ ದಿನ ಕೊಡ ಇಳಿಸುತ್ತಲೇ, "ನಾ ಹಾಲಿನ್ಯಾಗ ನೀರ ಹಾಕೂದಿಲ್ರೀ" ಎಂದ. ಯಾರು ಕೇಳಿದ್ದರು? ಕಾಕಾ ಮರುದಿನವೇ ಅವನ ಹಿಂದೆ ಹೊರಟು, ಓಣಿಯ ನಳದ ಹತ್ತಿರ ಕೊಡದ ಸಮೇತ ಹಿಡಿದ. ಆ ಒಂದು ಗೆಲುವು ನಮ್ಮೆಲ್ಲರ ಧೈರ್ಯ ತೆಗೆದುಹಾಕಿತು. ಅಂದಿನಿಂದ ಕಾಕಾ ಯಾರ ಮೇಲಾದರೂ ಹುಬ್ಬು ಗಂಟಿಕ್ಕಿದರೆ, ಅಪ್ಪನಂಥ ಅಪ್ಪನೂ ನಗುವನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದ. ಖರೇ ಇದ್ದರೆ?

ಇಂಥ ಮನೆಗೆ ನನ್ನನ್ನು ನೋಡಲು ವರ ಬರುವುದಿತ್ತು!

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮೊದಲಿನ ಮಾತು. ಹುಡುಗ ಉಪ್ಪಿನಬೆಟಗೇರಿಯಲ್ಲಿ ಸಾಲಿ ಮಾಸ್ತರ. ತಂದೆ ಇಲ್ಲ, ತಾಯಿ ಮಗ ಇಬ್ಬರೇ. ಸಂಬಂಧ ತಂದವರು ಯಾರೆಂದಿರಿ? ಅದೇ ಬದನೆಕಾಯಿ ಪಾದ್ರಿಗಳು! ಅಲ್ಲಿಗೇ ಕಾಕಾನ ಅರ್ಧ ಜೀವ ಹೋಗಿತ್ತು. ನನಗಂತೂ ಹಿಂದಿನ ದಿನದಿಂದಲೇ ಅನ್ನ ಸೇರಲಿಲ್ಲ. ಹುಡುಗ ನನಗೆ ಮೆಚ್ಚಿಗೆಯಾಗುತ್ತಾನೋ ಇಲ್ಲವೋ ಎಂಬ ಚಿಂತೆಗಿಂತ, ಅವನು ಮೊದಲು ಏನು ಮಾತಾಡುತ್ತಾನೋ ಎಂಬ ಚಿಂತೆಯೇ ದೊಡ್ಡದಾಗಿತ್ತು. 'ದೇವರೇ, ಅವನು ಬರೀ ನಮಸ್ಕಾರ ಅನ್ನಲಿ' ಎಂದು ಬೇಡಿಕೊಂಡೆ.

ಟಾಂಗಾ ಬಂತು. ಪಾದ್ರಿಗಳು ಮುಂದೆ, ಹುಡುಗ ಹಿಂದೆ. ನಾನು ಅಡಿಗೆಮನೆಯ ಬಾಗಿಲ ಸಂದಿಯಿಂದ ನೋಡಿದೆ. ಬಿಳೀ ಪ್ಯಾಂಟು, ಕರೀ ಕೋಟು, ಮುಖದ ತುಂಬ ಬೆವರು. ಅವ್ವನ ಉಪಾಯದ ಮಾತು ನಾಲಿಗೆಯ ತುದಿಗೆ ಬರುವ ಮೊದಲೇ ಅಪ್ಪ, "ಬರ್ರಿ ಬರ್ರಿ, ಕೂಡ್ರಿ" ಎಂದುಬಿಟ್ಟ. ಹುಡುಗ ಕೂಡಲಿಲ್ಲ. ಬೆನ್ನನ್ನು ಗೋಡೆಗೆ ಒತ್ತಿಕೊಂಡು ನಿಂತು ಕೇಳಿದ:

"ನಿಮ್ಮ ಮನೀ ಹಿತ್ತಲ ಬಾಗಿಲಾ ಎಲ್ಲೈತ್ರಿ?"

ಕಾಕಾನ ಕೈಯಿಂದ ಚಹಾದ ಕಪ್ಪು ಬಿತ್ತು.

ಮುಗಿಯಿತು ಎಂದುಕೊಂಡೆ. ಹೆಣ್ಣು ನೋಡಲು ಬಂದವನು ಹೆಣ್ಣು ಎಲ್ಲಿ ಎಂದು ಕೇಳಲಿ, ಕುಡಿಯಲು ನೀರು ಕೇಳಲಿ. ಓಡಿಹೋಗುವ ಬಾಗಿಲು ಕೇಳುವುದೇ? ಅಪ್ಪ ದಿಕ್ಕು ತೋರಿಸಿದ. ಹುಡುಗ ಗೋಡೆ ಬಿಡದೆ, ಹಲ್ಲಿಯ ಹಾಗೆ ಸರಿಯುತ್ತ ಸರಿಯುತ್ತ ಹಿತ್ತಲಿಗೆ ಹೋದ.

ಅಡಿಗೆಮನೆಯ ಕಿಟಕಿ ಹಿತ್ತಲಿಗೇ ತೆರೆಯುತ್ತಿತ್ತು. ಕೈಗೊಂದು ಕೆಲಸವಿರಲೆಂದು ನಾನು ದಿಂಬಿನ ಚೀಲದ ಮೇಲೆ ಕೆಂಪು ದಾರದಿಂದ ಗುಲಾಬಿಯ ಕಸೂತಿ ಹಾಕುತ್ತಿದ್ದೆ. ತಲೆ ಎತ್ತಿದರೆ ಅವನು ನುಗ್ಗೆ ಗಿಡದ ಕೆಳಗೆ ನಿಂತು, ಬಾಲ ಹಿಡಿಯಹೋದ ನಾಯಿಮರಿಯ ಹಾಗೆ ತನ್ನ ಬೆನ್ನ ಹಿಂದೆ ನೋಡಿಕೊಳ್ಳಲು ಸುತ್ತು ತಿರುಗುತ್ತಿದ್ದ! ಆಗ ಕಂಡಿತು. ಟಾಂಗಾದ ಮೊಳೆಗೆ ಸಿಕ್ಕಿ ಪ್ಯಾಂಟು ಹಿಂಭಾಗದಲ್ಲಿ ಒಂದು ಗೇಣು ಹರಿದಿತ್ತು.

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಅವನ ಮುಖ ಅಳುವವರ ಮುಖದಂತಿತ್ತು.

"ಸೂಜಿ ಬೇಕೇನ್ರಿ?" ಎಂದೆ.

ಅವನು ಬೆಚ್ಚಿ ಗಿಡಕ್ಕೆ ಬೆನ್ನು ಹಚ್ಚಿದ. ಆಮೇಲೆ ಕಿಟಕಿಯ ಹತ್ತಿರ ಬಂದು, "ಯಾರ ಮುಂದೂ ಹೇಳಬ್ಯಾಡ್ರಿ" ಎಂದ.

"ಹೇಳೂದಿಲ್ರಿ."

"ಬಿಳೀ ದಾರ ಇಲ್ಲೇನ್ರಿ?"

"ಅದು ಪಡಸಾಲಿ ಪೆಟಗಿಯಾಗ ಐತ್ರಿ. ಆ ಪೆಟಗಿ ಮ್ಯಾಲೆ ನಮ್ಮ ಕಾಕಾ ಕುಂತಾನ."

ಅವನು ಒಮ್ಮೆ ಪಡಸಾಲೆಯ ಕಡೆ ನೋಡಿದ, ಒಮ್ಮೆ ನನ್ನ ಕೈಯ ದಾರ ನೋಡಿದ. "ಕೆಂಪಽ ಕೊಡ್ರಿ ಹಂಗಾರ" ಎಂದ. ಸರಳಿನ ಸಂದಿಯಿಂದ ಕೊಟ್ಟೆ. ಅವನು ಬಚ್ಚಲಮನೆ ಹೊಕ್ಕು ಬಾಗಿಲು ಹಾಕಿಕೊಂಡ.

ಪಡಸಾಲೆಯಲ್ಲಿ ಕಾಕಾ ಶತಪಥ ಹಾಕುತ್ತಿದ್ದ. "ಇಷ್ಟೊತ್ತು ಬಚ್ಚಲದಾಗ ಏನ ಮಾಡಾಕತ್ತಾನ?" ಕೊನೆಗೆ ತಡೆಯದೆ ಬಂದು ಬಚ್ಚಲ ಬಾಗಿಲಿಗೆ ಕಿವಿ ಹಚ್ಚಿದ. ಒಳಗಿನಿಂದ, "ಸ್ಸ್... ಅವ್ವಾ!" ಎಂಬ ದನಿ! ಬಾಗಿಲು ತೆರೆದು ಹೊರಬಂದ ಹುಡುಗನ ಬೆರಳ ತುದಿಯಲ್ಲಿ ಏನಿತ್ತೆಂದಿರಿ? ರಕ್ತ!

ಆಮೇಲಿನ ಮಾತುಕತೆಯನ್ನು ನಾನು ಹೇಗೆ ವರ್ಣಿಸಲಿ? ಹುಡುಗ ಕುರ್ಚಿಯಲ್ಲಿ ಕೂತವನು ಮೇಲೇಳಲೇ ಇಲ್ಲ. ನಾನು ಉಪ್ಪಿಟ್ಟಿನ ತಾಟು ತಂದಾಗ ಒಮ್ಮೆ ನನ್ನನ್ನು ನೋಡಿದ, ಅಷ್ಟೇ. ಪಾದ್ರಿಗಳು ಪ್ರಾರ್ಥನೆಗೆ ಎಲ್ಲರನ್ನೂ ಎಬ್ಬಿಸಿದಾಗ ಒಂದೇ ನೆಗೆತಕ್ಕೆ ಗೋಡೆ ಸೇರಿದ. ಬಿಳೀ ಪ್ಯಾಂಟಿನ ಮೇಲೆ ಕೆಂಪು ಹೊಲಿಗೆ! ಹರಿದದ್ದಕ್ಕಿಂತ ಹೊಲಿದದ್ದೇ ಹೆಚ್ಚು ಕಾಣುವುದಲ್ಲವೇ? ಹೋಗುವಾಗ ಕೈಮುಗಿದುಕೊಂಡು ಹಿಂದೆ ಹಿಂದೆ ಹೆಜ್ಜೆ ಇಡುತ್ತ ಟಾಂಗಾದವರೆಗೂ ಹಾಗೇ ಹೋದ.

"ಎಷ್ಟ ವಿನಯ ನೋಡ್ರಿ!" ಎಂದಳು ಅವ್ವ.

"ವಿನಯ ಅಲ್ಲ ವೈನೀ, ಬೆನ್ನ ಹಿಂದ ಏನೋ ಮುಚ್ಚಿಟ್ಟಾನ" ಎಂದ ಕಾಕಾ.

ಹಾಲಿನವನದು ಬಿಟ್ಟರೆ ಅವನ ಊಹೆ ಇಷ್ಟು ಸರಿಯಾಗಿದ್ದದ್ದು ಅದೇ ಮೊದಲು. ಮತ್ತು ಅದು ಸರಿ ಎಂದು ಗೊತ್ತಿದ್ದವಳು ನಾನೊಬ್ಬಳೇ!

ಅಪ್ಪ ಒಪ್ಪಿಗೆಯ ಮಾತು ಮುಂದೂಡಿದ. "ಸ್ವಲ್ಪ ತಡೆಯೋಣ" ಎಂದ. ಕಾಕಾ ದಿನಾ ಸಂಜೆ ಆಫೀಸಿನಿಂದ ಬಂದು ಬೂಟು ಬಿಚ್ಚುವ ಮೊದಲೇ, "ಆ ರಕ್ತ ಯಾರದು?" ಎಂದು ಕೇಳುತ್ತಿದ್ದ. ನಾನು ಹೇಗೆ ಹೇಳಲಿ? ಗುರುತಿಲ್ಲದ ಗಂಡಸಿಗೆ ಕಿಟಕಿಯಲ್ಲಿ ಸೂಜಿ ಕೊಟ್ಟೆ ಎಂದು ಆ ಕಾಲದ ಹುಡುಗಿ ಯಾವ ಬಾಯಿಂದ ಹೇಳಬೇಕು? ಮೇಲಾಗಿ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಒಂದು ಗೇಣು ಹರಿದ ಬಟ್ಟೆಯ ಸಲುವಾಗಿ ಒಂದು ಸಂಬಂಧ ಹರಿದುಹೋಗುತ್ತದೆಯೇ? ಪಾದ್ರಿಗಳು ತಮ್ಮ ಬೇಲಿಯಾಚೆಯಿಂದ, "ಏನ ಮಾಡಿದ್ರಿ?" ಎಂದು ಕೇಳಿದಾಗಲೆಲ್ಲ ಅಪ್ಪ ಬದನೆ ಗಿಡದ ಮಾತು ತೆಗೆಯುತ್ತಿದ್ದ. ದಿಂಬಿನ ಚೀಲದ ಗುಲಾಬಿಗೆ ಒಂದು ಎಸಳು ಕಡಿಮೆ ಉಳಿದಿತ್ತು. ಅದನ್ನು ಮುಗಿಸಲು ನನಗೆ ಕೈ ಬರಲಿಲ್ಲ. ಆ ಹುಡುಗ ನನಗೆ ಬೇಕಾಗಿದ್ದ. ಅದನ್ನೂ ಯಾರ ಮುಂದೆ ಹೇಳಲಿ?

ಒಂದು ಶನಿವಾರ ಎದ್ದು ನೋಡಿದರೆ ಕಾಕಾ ಇಲ್ಲ. ಆಫೀಸಿಗೆ ಹೋಗಿಲ್ಲ, ಅವನ ಕರೀ ಕೋಟು ಗೂಟದಲ್ಲೇ ಇದೆ. ಅಪ್ಪನ ಹಳೇ ಧೋತರ ಮಾತ್ರ ಮಾಯ. ಅವ್ವ ಮಧ್ಯಾಹ್ನದವರೆಗೆ ಬೈದಳು, ಆಮೇಲೆ ಬೈಯುವುದು ಬಿಟ್ಟು ಬಾಗಿಲಲ್ಲಿ ನಿಂತಳು. ಧಾರವಾಡದ ಕಡೆಯಿಂದ ಗಾಡಿ ಬಂದ ಸಪ್ಪಳವಾದಾಗೊಮ್ಮೆ ಅಪ್ಪ ಓಣಿಯ ತುದಿಗೆ ಹೋಗಿ ಬರುತ್ತಿದ್ದ. ಊರು ದಾಟಿದರೆ ಅಪಾಯ ಎಂದು ತಿಳಿಯುವ ಮನುಷ್ಯ, ಹೇಳದೆ ಕೇಳದೆ ಎಲ್ಲಿಗೆ ಹೋದ?

ದೀಪ ಹಚ್ಚುವ ಹೊತ್ತಿಗೆ ಬಂದ. ಮೊಣಕಾಲಿನವರೆಗೆ ಧೋತರ, ತಲೆಗೆ ರುಮಾಲು, ಹೆಗಲಿಗೆ ಉಳ್ಳಾಗಡ್ಡಿಯ ಖಾಲಿ ಚೀಲ! ವೇಷ ಹಾಕಿಕೊಂಡು ಉಪ್ಪಿನಬೆಟಗೇರಿಗೆ ಪತ್ತೇದಾರಿಕೆಗೆ ಹೋಗಿದ್ದ. ಊರ ಬಾಯಿಯಲ್ಲಿ ಸಿಕ್ಕ ಮೊದಲನೆಯ ಮನುಷ್ಯನೇ ಅವನ ಕಾಲು ನೋಡಿ, "ಬರ್ರಿ ರೇಲ್ವೆ ಸಾಹೇಬ್ರ! ಮಾಸ್ತರಗ ಹೆಣ್ಣ ಕೊಡವ್ರ ಹೌದಲ್ಲೋ?" ಎಂದನಂತೆ. ಧೋತರದ ಕೆಳಗೆ ರೇಲ್ವೆಯ ಬೂಟು ಹಾಗೇ ಇತ್ತು!

ಊಟಕ್ಕೆ ಕೂತೆವು. ಕಾಕಾ ಅಪ್ಪನ ಕಡೆ ತಿರುಗಿ, "ಅಣ್ಣಾ, ಹುಡುಗ ಬೆನ್ನ ಹಿಂದ ಏನ ಮುಚ್ಚಿಟ್ಟಿದ್ದ ಅಂತ ಪತ್ತೆ ಹಚ್ಚೇನಿ" ಎಂದ.

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ಹರಕ ಪ್ಯಾಂಟು!"

ಅದು ಹುಡುಗನದೂ ಅಲ್ಲವಂತೆ. ರೇಲ್ವೆಯವರ ಮನೆಗೆ ಹೋಗುವುದಿದೆ, ಧೋತರ ಉಟ್ಟರೆ ಏನೆಂದಾರೋ ಎಂದು ನೆರೆಮನೆಯವನ ಪ್ಯಾಂಟು ಬೇಡಿ ತಂದಿದ್ದ. ಅದರ ಯಜಮಾನ ಅದನ್ನು ಕಟ್ಟೆಯ ಮೇಲೆ ಹರವಿಕೊಂಡು, ಬಂದಬಂದವರಿಗೆಲ್ಲ ಕೆಂಪು ಹೊಲಿಗೆ ತೋರಿಸಿ ಗೋಳಾಡುತ್ತಿದ್ದ. ಕಾಕಾ ತಾನೂ ಕಣ್ಣ ಹತ್ತಿರ ಹಿಡಿದು ನೋಡಿಬಂದಿದ್ದ. ಅಪ್ಪ ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡ. ಅವ್ವ ಅವನ ತಲೆ ತಟ್ಟುತ್ತ, "ಹೊಲದದ್ದ ಎಲ್ಲಿ?" ಎಂದಳು.

"ನಮ್ಮ ಬಚ್ಚಲದಾಗ."

"ಅಲ್ಲೆ ಸೂಜಿ ದಾರ ಎಲ್ಲಿಂದ ಬಂತು?"

ಕಾಕಾ ಗೂಟಕ್ಕೆ ಹಾಕಿದ್ದ ದಿಂಬಿನ ಚೀಲ ನೋಡಿದ. ಎಸಳು ಕಡಿಮೆಯಾದ ಗುಲಾಬಿ ನೋಡಿದ. ನನ್ನನ್ನು ನೋಡಿದ. ನನಗೆ ನೆಲ ಬಿರಿದು ಒಳಗೆ ಸೇರಬಾರದೇ ಅನ್ನಿಸಿತು. ಹಾಲಿನವನ ಆಮೇಲೆ ಮೊದಲ ಬಾರಿಗೆ ಕಾಕಾನ ಕೈಗೆ ನಿಜವಾದ ಅಪರಾಧಿ ಸಿಕ್ಕಿದ್ದಳು, ಸಾಕ್ಷಿಯ ಸಮೇತ!

"ಶಾಣ್ಯಾ ಮಂದಿ ಸೂಜಿ ದಾರ ಕಿಸೆದಾಗ ಇಟ್ಟಗೊಂಡಽ ಅಡ್ಡಾಡ್ತಾರ ವೈನೀ" ಎಂದು ರೊಟ್ಟಿಗೆ ಬಗ್ಗಿದ.

"ಮತ್ತ ಹುಡುಗನ ತಾಯಿ ಹೆಂಗದಾಳ?" ಅಪ್ಪ ಕೇಳಿದ. "ಮೊದಲ ಮಾತ ಏನಂದ್ಲು, ಅದನ್ನ ಹೇಳು."

ಕಾಕಾ ರೊಟ್ಟಿಯಿಂದ ತಲೆ ಎತ್ತಿದ. "'ಬಿಸಲಾಗ ಬಂದೀರಿ, ಒಳಗ ಬಂದು ನೀರ ಕುಡೀರಿ. ಯಾರು ಏನು ಅನ್ನೂದು ಆಮ್ಯಾಲೆ ನೋಡೋಣಂತ' ಅಂದ್ಲು ಅಣ್ಣಾ. ಹಿಂಗ ಶುರು ಆಗೂ ಪುಸ್ತಕ ನಾ ಇನ್ನೂ ನೋಡಿಲ್ಲ. ಹುಡುಗಿ ಕೊಡ್ರಿ."

ಆ ಮಾತಿಗೆ ನನಗೆ ಎದ್ದು ಕುಣಿಯಬೇಕು ಅನ್ನಿಸಿತು. ಕುಣಿಯುವುದಾಗದೆ, ಮಜ್ಜಿಗೆಯ ಗಿಂಡಿ ತೆಗೆದುಕೊಂಡು ಬಡಿಸಲು ಎದ್ದೆ. ಕಾಕಾ ಬೊಗಸೆ ಒಡ್ಡಿದ. ಒಡ್ಡಿದವನು ಗಕ್ಕನೆ ಕೈ ಹಿಂದಕ್ಕೆಳೆದು, "ಬಟ್ಟಲದಾಗ ಹಾಕು" ಎಂದ. ಆದರೆ ಕಂಡುಬಿಟ್ಟಿತ್ತು. ಎರಡೂ ಅಂಗೈಗಳಲ್ಲಿ ಕೆಂಪಗೆ ಗುಳ್ಳೆ ಎದ್ದಿದ್ದವು. ಒಂದೆರಡು ಒಡೆದಿದ್ದವು. ರೊಟ್ಟಿಯನ್ನು ಅವನು ಬೆರಳ ತುದಿಯಿಂದ ಮುರಿಯುತ್ತಿದ್ದದ್ದು ಯಾಕೆಂದು ಆಗ ತಿಳಿಯಿತು.

ಮರುದಿನ ಬೆಳಿಗ್ಗೆ ಕೊಬ್ಬರಿ ಎಣ್ಣೆ ತೆಗೆದುಕೊಂಡು ಅವನ ಮುಂದೆ ಕೂತೆ. "ಕೈ ಕೊಡು ಕಾಕಾ. ಏನಾತು?"

"ಛತ್ರಿ ಹಿಡದಿದ್ನಲ್ಲ."

"ಛತ್ರಿ ಹಿಡದ್ರ ಗುಳ್ಳಿ ಏಳ್ತಾವೇನು?"

ಅವನು ಗೋಡೆ ನೋಡಿದ, ಸೂರು ನೋಡಿದ. ಆಮೇಲೆ ಹೇಳಿದ: "ಅವರ ಹಿತ್ತಲದಾಗ ಬಾವಿ ಐತಿ ಮಗಳ. ಭಾಳ ಆಳ. ರಾಟಿ ಇಲ್ಲ, ಬರೇ ಕಲ್ಲಿನ ಮ್ಯಾಲೆ ಹಗ್ಗ ಎಳೀಬೇಕು. ನೀ ಹುಬ್ಬಳ್ಳ್ಯಾಗ ನಳದ ನೀರಿನ್ಯಾಗ ಬೆಳದಾಕಿ. ಎಷ್ಟ ಭಾರ ಆಕ್ಕೈತೋ ನೋಡೋಣಂತ ಸೇದಿದೆ."

"ಒಂದ ಕೊಡಕ್ಕ ಇಷ್ಟ ಗುಳ್ಳಿ ಎದ್ದಾವ?"

"ಒಂದ ಕೊಡದ ಮ್ಯಾಲೆ ಮನಿ ನಡೀತೈತೇನ? ಸ್ನಾನಕ್ಕ, ಅಡಗಿಗೆ, ಅರಬಿ ಒಗಿಯಾಕ, ಎಮ್ಮಿಗೆ... ಒಂದ ದಿನಕ್ಕ ಎಷ್ಟ ಬೇಕೋ ಅಷ್ಟೂ ಸೇದಿ ನೋಡಿದೆ. ಆ ಮುದಕಿ ಬ್ಯಾಡ ಬ್ಯಾಡ ಅಂತ ಬಾಯಿ ಬಡಕೊಂಡ್ಲು." ಅಂಗೈ ತಿರುಗಿಸಿ ನೋಡಿಕೊಂಡ. "ನನ್ನ ಕೈಗೆ ಹಿಂಗಾದ್ರ..." ಎಂದು ನನ್ನ ಅಂಗೈ ನೋಡಿದ.

ನಾನು ಎಣ್ಣೆ ಹಚ್ಚುತ್ತ ತಲೆ ಬಗ್ಗಿಸಿದೆ.

ಮದುವೆಯಾಗಿ ಆ ಮನೆಗೆ ಹೋದ ಮೂರನೆಯ ದಿನ ನೀರು ತರಲೆಂದು ಹಿತ್ತಲಿಗೆ ಹೋದೆ. ಬಾವಿಯ ಮೇಲೆ ಎರಡು ಹೊಸ ಕಂಬ, ಅಡ್ಡತೊಲೆ, ಅದಕ್ಕೆ ಕಬ್ಬಿಣದ ರಾಟೆ ತೂಗುತ್ತಿತ್ತು. ಅತ್ತೆ ಹಿಂದಿನಿಂದ ಬಂದು, "ನಿಮ್ಮ ಕಾಕಾ ಹೋದ ತಿಂಗಳ ಬಂದು ಹಾಕಿಸಿ ಹೋದ್ರವಾ. ಸಪ್ಪಳ ಬರತೈತಿ ಅಂತ ಎಣ್ಣಿ ಬಿಟ್ಟ ಬಿಟ್ಟ ತಿರಿವಿ ನೋಡಿದ್ರು. ನಿನಗ ಹೇಳಬಾರದು ಅಂತನೂ ಅಂದಿದ್ರು" ಎಂದರು.

ನಾನು ಕೊಡ ಬಿಟ್ಟು ಹಗ್ಗ ಎಳೆದೆ. ರಾಟೆ ಸದ್ದಿಲ್ಲದೆ ತಿರುಗಿತು. ತುಂಬಿದ ಕೊಡ ಹೂವಿನಂತೆ ಮೇಲೆ ಬಂತು. ಅದನ್ನು ಇಳಿಸಿಕೊಳ್ಳುವುದು ಬಿಟ್ಟು ಎರಡೂ ಕೈಯಲ್ಲಿ ಹಗ್ಗ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ.

"ಭಾರ ಆತೇನವಾ?" ಎಂದು ಕೇಳಿದರು ಅತ್ತೆ.

ಇಲ್ಲ ಎಂದು ತಲೆಯಾಡಿಸಿದೆ.